ಎರಡು ಜೇಬಿನ ಕೋಟು

ನಮ್ಮ ಸೋದರತ್ತೆ ಕಳ್ಳಿಯೆಂದು ಬಾಲ್ಯದಲ್ಲಿ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಬಿಸಿಲು ಚಳಿಗಳ ಭೇದವಿಲ್ಲದೆ ಆಕೆ ತೊಡುವ ಕಂದು ಕೋಟು ತೀರಿಕೊಂಡ ಮಾವನದು. ಬದುಕಿದ್ದಾಗ ಯಾವ ಭಾಷೆಯಲ್ಲೂ ಬಾಯಿಬಿಡದ ಮನುಷ್ಯ ಅವರು. ಆ ಕೋಟಿನ ಬಲಜೇಬಿನಿಂದ ಗುಂಡಿ, ಬೀಗದ ಕೈ, ಕಾಳುಗಳೂ ಎಡಜೇಬಿನಿಂದ ಸಕ್ಕರೆ ಪೊಟ್ಟಣ, ಹತ್ತಿ, ಮರಳು, ಬಿರಡೆ ಬಿಗಿದ ನೀರಿನ ಶೀಸೆಯೂ ಹೊರಬೀಳುತ್ತಿದ್ದವು. ಹೋದ ಅಂಗಡಿಯಲ್ಲೆಲ್ಲ ಕೈಚಳಕ ತೋರಿಸಿ ಬರುವವರಲ್ಲದೆ ಇನ್ನಾರ ಜೇಬು ಹೀಗಿದ್ದೀತು? ಈ ಗುಟ್ಟನ್ನು ಕಿವಿಯಲ್ಲಿ ಉಸುರಿದಾಗ ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಅದು ಅವರ ಪಾಠ ಕಣೋ ಪೆದ್ದ. ಬಲಗಡೇದು ಎಣಿಸೋಕೆ ಬರುತ್ತೆ, ಎಡಗಡೇದು ಬರಲ್ಲ" ಎಂದಳು. ಅತ್ತೆ ಇಂಗ್ಲಿಷ್ ವ್ಯಾಕರಣ ಕಲಿಸುವವರು. ಕಳ್ಳತನವಾಗಿದ್ದರೆ ಗೆಳೆಯರ ಮುಂದೆ ಒಂದಿಷ್ಟು ಗತ್ತಾದರೂ ಇರುತ್ತಿತ್ತು ಎಂದು ನನಗೆ ನಿರಾಸೆಯಾಯಿತು.

ಮರಳೂ ನೀರೂ ಭಾರವಾದ್ದರಿಂದ ಅತ್ತೆ ನಡೆಯುವಾಗ ಕೊಂಚ ಎಡಕ್ಕೆ ವಾಲುತ್ತಾರೆ, ಬಲಗಡೆಯ ಗುಂಡಿಗಳು ಹೆಜ್ಜೆಹೆಜ್ಜೆಗೂ ಕಿಲಕಿಲ ಎನ್ನುತ್ತವೆ. ಮಾತಿನ ಕೊನೆಗೆ "ಒಪ್ಪಿದೆಯಾ?" ಎನ್ನುತ್ತಾರೆ, ಒಪ್ಪಿಗೆಗೆ ಮಾತ್ರ ಕಾಯುವುದಿಲ್ಲ. "ನಮ್ಮ ಭಾಷೆ ಉದಾರಿ. ನೀರಿಗೂ ಎಷ್ಟು, ಗುಂಡಿಗೂ ಎಷ್ಟು. ಇಂಗ್ಲಿಷಿನೋರದು ಎರಡು ಬಾಗಿಲ ಮನೆ, ಗುಂಡಿಯ 'ಮೆನಿ' ಬಂದ ಕಡೆಯಿಂದ ನೀರಿನ 'ಮಚ್' ಬರೋ ಹಾಗಿಲ್ಲ. ಒಪ್ಪಿದೆಯಾ?" ತಪ್ಪಿದವರು ಕಣ್ಣು ಮುಚ್ಚಿ ಆ ಜೇಬುಗಳಿಗೆ ಕೈಹಾಕಬೇಕು. ಬೆರಳಿಗೆ ತಾಗಿದ್ದು ಎಣಿಕೆಗೆ ಸಿಗುವಂಥದೋ ಅಲ್ಲವೋ ಎಂದು ತಡವಿಯೇ ಹೇಳಬೇಕು. ಬುದ್ಧಿಗೆ ಹತ್ತದ್ದು ಬೆರಳಿಗೆ ಹತ್ತುತ್ತದೆ ಎಂಬುದು ಆಕೆಯ ಅಚಲ ಸಿದ್ಧಾಂತ.

ಪಾಠ ಹೇಳುತ್ತಿದ್ದ ಟೈಪಿಂಗ್ ಶಾಲೆ ಮುಚ್ಚಿ ಅತ್ತೆ ಮನೆಯಲ್ಲಿ ಕೂತಾಗ, ನಾನು ಗುಮಾಸ್ತಿಕೆ ಮಾಡುವ ವಸತಿಗೃಹದ ಮಾಲೀಕರು ಕೆಲಸದವರಿಗೆ ಇಂಗ್ಲಿಷ್ ಕಲಿಸಲು ಆಕೆಯನ್ನು ಕರೆಸಿಕೊಂಡರು. ಇಸ್ತ್ರಿಯ ಬಿಸಿ ಆರದ ಹಾಸುಬಟ್ಟೆಗಳ ಉಗ್ರಾಣವೇ ತರಗತಿ. ಅಲ್ಲಿ ನಾನು ಆಕೆಯನ್ನು ಮೇಡಂ ಎನ್ನುತ್ತಿದ್ದೆ. ಶಿಸ್ತಿಗಾಗಿ ಎಂದು ಹೇಳಿಕೊಂಡೆ, ನಿಜಕ್ಕೂ ಆ ಕೋಟಿಗೂ ನನಗೂ ಇರುವ ನಂಟು ಮುಚ್ಚಿಡಲು. ಎಲ್ಲರಿಗೂ ಗೊತ್ತಿದ್ದ ಗುಟ್ಟು ಅದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಕೋಣೆಗಳನ್ನು ಗುಡಿಸುವ ಅಕ್ಕ ಒಮ್ಮೆ ತಕರಾರು ತೆಗೆದಳು: "ಫರ್ನಿಚರ್ ಎಣಿಸೋಕಾಗಲ್ಲ ಅಂತೀರಲ್ಲ ಮೇಡಂ, ದಿನಾ ಎಣಿಸಿ ಒರೆಸೋಳು ನಾನು."

"ಕುರ್ಚಿ ಎಣಿಸು, ಮೇಜು ಎಣಿಸು, ಬೇಡ ಅಂದೋರ್ಯಾರು? ಮನೇಲಿ ಮಕ್ಕಳನ್ನ ಎಣಿಸ್ತೀಯಲ್ಲ, ಸಂಸಾರ ಎಣಿಸ್ತೀಯಾ?"

"ಸಂಸಾರಾನ ಹೊರೋದೇ ಸಾಕಾಗಿದೆ, ಎಣಿಸೋದು ಬೇರೆ" ಎಂದು ಅವಳು ನಕ್ಕಳು. ಆ ಪಾಠವನ್ನು ಆಮೇಲೆ ಯಾರೂ ಮರೆಯಲಿಲ್ಲ. ಅತ್ತೆಯ ಬೆನ್ನೂ ಆ ದಿನಗಳಲ್ಲಿ ನೆಟ್ಟಗಾಗಿತ್ತು.

ತರಗತಿ ಮುಂದುವರಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಮಾಲೀಕರು ಒಂದು ದಿನ ವಿದೇಶಿ ಅತಿಥಿಯೊಬ್ಬರನ್ನು ಉಗ್ರಾಣಕ್ಕೆ ಕರೆತಂದರು. ಬಿಳಿಗೂದಲಿನ, ಸೌಮ್ಯ ಮುಖದ ಹೆಂಗಸು. ಎಷ್ಟು ಕಾಲದಿಂದ ಕಲಿಸುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅತ್ತೆಯ ತುಟಿ ಅಲುಗಿತು, ಶಬ್ದ ಹೊರಡಲಿಲ್ಲ. ಅತಿಥಿ ಕಿವುಡರಿಗೆ ಹೇಳುವಂತೆ ಅದನ್ನೇ ನಿಧಾನವಾಗಿ, ಗಟ್ಟಿಯಾಗಿ ಮತ್ತೆ ಕೇಳಿದರು. ಆ ಕರುಣೆ ಕಪಾಳಮೋಕ್ಷಕ್ಕಿಂತ ಕ್ರೂರವಾಗಿತ್ತು. ಅತ್ತೆ ತಪ್ಪು ಮಾಡಿದ ವಿದ್ಯಾರ್ಥಿಯಂತೆ ಕಣ್ಣು ಮುಚ್ಚಿ ಬಲಜೇಬಿಗೆ ಕೈಹಾಕಿದರು, ಆಮೇಲೆ ಎಡಜೇಬಿಗೆ. ಬೇಕಾದ ಮಾತು ಎರಡರಲ್ಲೂ ಇರಲಿಲ್ಲ. ಕೊನೆಗೆ ಗುಡಿಸುವ ಅಕ್ಕನೇ ಹರುಕುಮುರುಕು ಇಂಗ್ಲಿಷಿನಲ್ಲಿ ನಮ್ಮ ಮೇಡಂ ಒಳ್ಳೆಯವರು, ಚೆನ್ನಾಗಿ ಕಲಿಸುತ್ತಾರೆ ಎಂದಳು. ಅತಿಥಿ ಹಿಗ್ಗಿ ಅವಳ ಕಡೆಗೆ ತಿರುಗಿದರು. ಮಾತು ಅಲ್ಲೇ ಬೆಳೆಯಿತು. ಅತ್ತೆ ಸೆಕೆಯಾದವರಂತೆ ಕೋಟು ಕಳಚಿ ಕುರ್ಚಿಗೆ ಹಾಕಿ, ಬಟ್ಟೆ ಒಗೆಯುವ ಕೋಣೆಯ ಬಾಗಿಲಿನಿಂದ ಹೊರಟುಹೋದರು. ಮೇಡಂ ಎಂದಾಗಲಿ ಅತ್ತೆ ಎಂದಾಗಲಿ ಕೂಗದೆ ನಾನು ದಿಂಬಿನ ಚೀಲವೊಂದರ ಮಡಿಕೆ ಸರಿಪಡಿಸುತ್ತಿದ್ದೆ. ಅದು ಮೊದಲೇ ಸರಿಯಾಗಿತ್ತು.

"ಮುಂದಿನ ತಿಂಗಳಿಂದ ಬೇರೆ ಯಾರನ್ನಾದ್ರೂ ನೋಡ್ತೀವಿ. ನಿಮಗೆ ಪರಿಚಯ ಅಲ್ವಾ, ನೀವೇ ಹೇಳಿಬಿಡಿ" ಎಂದರು ಮಾಲೀಕರು. ಪರಿಚಯ ಎಂಬ ಪದಕ್ಕೆ ನಾನು ತಲೆಯಾಡಿಸಿದೆ.

ಕೋಟನ್ನು ಹೆಗಲಿಗೇರಿಸಿಕೊಂಡು ಅತ್ತೆಯ ಮನೆಗೆ ನಡೆದಾಗ ನಾನೂ ಎಡಕ್ಕೆ ವಾಲುತ್ತಿದ್ದೆ. ಹೊಲಿಗೆ ಬಿಟ್ಟ ಮೂಲೆಯಿಂದ ಮರಳು ದಾರಿಯುದ್ದಕ್ಕೂ ಉದುರುತ್ತಿತ್ತು. ದಡದಲ್ಲಿ ನಿಂತು ಈಜು ಕಲಿಸುವವರೆಂದು ಇಂಥವರನ್ನು ಜಗತ್ತು ಆಡಿಕೊಳ್ಳುತ್ತದೆ. ಆದರೆ ನೀರಿಗಿಳಿಯುವ ಭಾಗ್ಯವೇ ಬರದೆ, ಹೊಳೆಯ ಸುಳಿ, ಸೆಳೆತ, ಆಳಗಳನ್ನೆಲ್ಲ ದಡದಿಂದಲೇ ಒಲಿದು ಅರಿತವರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮಾತು ಕೇಳಿ ಎಷ್ಟೋ ಜನ ಆಚೆ ದಡ ಸೇರುತ್ತಾರೆ. ಸೇರಿದವರು ತಿರುಗಿ ನೋಡಿ, ಇವರಿಗೆ ಈಜು ಬರುವುದಿಲ್ಲ ಎಂದು ನಗುತ್ತಾರೆ. ನಗದೆ ಸುಮ್ಮನೆ ನಿಂತವರ ಲಜ್ಜೆ ಇನ್ನೂ ಹೀನ.

ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದರು. ಕೋಟನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ಕ್ಲಾಸು ನಿಂತಿತಾ?"

"ಹೂಂ, ಅತ್ತೆ."

ಪಾತ್ರೆಯ ಸದ್ದು ಮುಂದುವರಿಯಿತು. ಬಾಯಿ ಮುಚ್ಚಿಕೊಂಡು ಹೊರಡಬಹುದಿತ್ತು. ಆ ವಿವೇಕ ನನಗೆಲ್ಲಿಯದು?

"ಅತ್ತೆ, ನಿಮಗೆ ಇಂಗ್ಲಿಷ್ ಮಾತಾಡೋಕೆ ಬರಲ್ವಾ?"

"ಬರಲ್ಲ" ಎಂದರು ಅತ್ತೆ, ತಟ್ಟೆಯನ್ನು ಕವುಚಿ ಹಾಕುತ್ತ. "ಯಾರ ಜೊತೆ ಮಾತಾಡಿ ಕಲೀಬೇಕಿತ್ತು? ನಿಮ್ಮ ಮಾವನ ಜೊತೆನಾ?"