ಮೂರು ಸಲ ಊದುವುದು

ಕಮಲಾಪುರದ ಆ ಓಣಿಯಲ್ಲಿ ಕೂಸು ಬೆದರಿತೆಂದರೆ ಎಲ್ಲರೂ ವಿರುಪಮ್ಮನ ಮನೆಗೇ ಎತ್ತಿಕೊಂಡು ಬರುತ್ತಿದ್ದರು. ಅವಳು ಬಾಯೊಳಗೇ ಮಂತ್ರ ಹೇಳಿ ನೆತ್ತಿಯ ಮೇಲೆ ಮೂರು ಸಲ ಊದಿದರೆ ಎಂಥ ಹಟದ ಕೂಸೂ ನಿದ್ದೆ ಹೋಗುತ್ತಿತ್ತು. ಎದುರುಮನೆಯ ಗಾಯತ್ರಿಯೂ ಚಿಕ್ಕಂದಿನಲ್ಲಿ ಹಾಗೆ ಊದಿಸಿಕೊಂಡೇ ಬೆಳೆದವಳು.

ಕೊರೊನಾ ಬಂದಾಗ ವಿರುಪಮ್ಮನ ಗಂಡ ಉಸಿರು ಸಿಗದೆ ಸತ್ತ. ಓಣಿಯ ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ಆ ಮನೆಯ ಗಾಳಿ ತಾಗಬಾರದೆಂದು ಗಾಯತ್ರಿ ತನ್ನ ಕಿಟಕಿಯ ಸಂದಿಗೆಲ್ಲ ಹಳೇ ಬಟ್ಟೆ ತುರುಕಿದಳು. ವಿರುಪಮ್ಮ ಅದನ್ನು ನೋಡುತ್ತಲೇ ಕೂತಿದ್ದಳು.

ಆರು ತಿಂಗಳಿಗೆ ಅದೇ ಗಾಯತ್ರಿ ಚೀರುವ ತನ್ನ ಕೂಸನ್ನು ಎತ್ತಿಕೊಂಡು ಬಂದಳು.

"ನಾಯಿಗೆ ಬೆದರೈತಿ ದೊಡ್ಡಮ್ಮ. ಒಂದೀಟು ಊದ್ರಿ."

ವಿರುಪಮ್ಮ ಕೈಕಾಲು ತೊಳೆದು ಬಂದು ಕೂತಳು. ಗಾಯತ್ರಿ ಹೊಸದೊಂದು ಮಾಸ್ಕ್ ಮುಂದೆ ಹಿಡಿದಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ಇದನ್ನ ಹಾಕ್ಕೊಂಡು ಊದ್ರಿ."

ವಿರುಪಮ್ಮ ಹಾಕಿಕೊಂಡಳು. ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಮೂರು ಸಲ ಊದಿದಳು. ಕೂಸಿನ ನೆತ್ತಿಯ ಒಂದು ಕೂದಲೂ ಅಲುಗಲಿಲ್ಲ. ಬಿಸಿಗಾಳಿಯೆಲ್ಲ ತಿರುಗಿ ಅವಳ ಕಣ್ಣಿಗೇ ಹೊಡೆಯಿತು.

"ಇನ್ನೂ ಅಳ್ತೈತಲ್ರಿ," ಅಂದಳು ಗಾಯತ್ರಿ.

ವಿರುಪಮ್ಮ ಮಾಸ್ಕ್ ಬಿಚ್ಚಿ ಅವಳ ಕೈಗಿಟ್ಟಳು.

"ಅಳ್ಲಿ ಬಿಡು. ಅಳಾಕ ಅದಕ್ಕ ಉಸಿರಾದ್ರೂ ಐತಿ."