ಹೊಲಸು ಸಾಕಾಗದ ಗುಡಿಸಲು

“ಇದೇನೇ, ಮದುವೆ ಮನೆ ಥರ ಮಾಡಿಟ್ಟಿದೀಯ? ನಿಮ್ಮಂಥೋರು ಇಷ್ಟು ಚೊಕ್ಕಟವಾಗಿ ಬದುಕಿದ್ರು ಅಂದ್ರೆ ಯಾರು ನಂಬ್ತಾರೆ? ಹೊಲಸು ಕಾಣ್ಬೇಕು, ಹೊಲಸು!”

ಮ್ಯೂಸಿಯಂ ಸಾಹೇಬ ಮೂಗಿಗೆ ಕರ್ಚೀಫು ಹಿಡಿದೇ ಇದನ್ನು ಹೇಳಿದ. ಆಗಷ್ಟೇ ಮೆತ್ತಿದ ಮಣ್ಣಿನ ವಾಸನೆಗೇ ಅವನಿಗೆ ಅಷ್ಟು ಹೇಸಿಗೆ.

ಗುಡಿಸಲಿಗೆ ಮಣ್ಣು ಮೆತ್ತುತ್ತಿದ್ದ ಗಾರೆಯಾಕೆ ಗೋಡೆಯಿಂದ ಕೈ ತೆಗೆಯಲಿಲ್ಲ. “ನಮ್ಮನೆ ಹಿಂಗೇ ಇತ್ತು ಸ್ವಾಮಿ. ಬುಲ್ಡೋಜರ್ ತಂದ ದಿನ ನೀವೂ ಬಂದಿದ್ರಲ್ಲ, ನೋಡ್ಲಿಲ್ವಾ?”

“ಬಾಯಿ ಮುಚ್ಚಿ ಮಸಿ ಬಳಿ.”

ಈ ಮ್ಯೂಸಿಯಂ ಕಟ್ಟಲೆಂದೇ ಅವಳ ಕೇರಿಯನ್ನು ನೆಲಸಮ ಮಾಡಿದ್ದು. ಈಗ ಶಾಲೆ ಮಕ್ಕಳಿಗೆ ನಾನಾ ಜನರ ಬದುಕು ತೋರಿಸಬೇಕಂತೆ. ಅದಕ್ಕೆ ಮ್ಯೂಸಿಯಂನ ದೊಡ್ಡ ಹಾಲ್ ಒಳಗೆ ಅದೇ ಕೇರಿಯ ಒಂದು ಗುಡಿಸಲು. ಹಸುವನ್ನು ಕೊಂದು, ಚರ್ಮಕ್ಕೆ ಹುಲ್ಲು ತುಂಬಿ, ಆಹಾ ಎಷ್ಟು ಚೆಂದದ ಹಸು ಎನ್ನುವ ಪೈಕಿ ಇವರು. ಕಟ್ಟಲು ಕರೆಸಿದ್ದು ಮನೆ ಕಳೆದುಕೊಂಡ ಅವಳನ್ನೇ.

ಕೇರಿ ಉರುಳಿದ ದಿನದಿಂದ ಅವಳಿಗೂ ಅವಳ ಅತ್ತೆಗೂ ರಸ್ತೆ ಬದಿಯ ಸಿಮೆಂಟ್ ಪೈಪೇ ಗತಿ. ಎರಡೂ ಕಡೆ ಬಾಯಿ ಬಿಟ್ಟ ಪೈಪು. ನಾಯಿ, ಕುಡುಕ, ಗಾಳಿ, ಯಾವುದಕ್ಕೂ ಅಡ್ಡಿಯಿಲ್ಲ. ಮುದುಕಿ ಕೋಲು ಹಿಡಿದು ಕೂತೇ ಬೆಳಗು ಮಾಡುತ್ತಿದ್ದಳು.

“ನಾಳೆ ಯಾವುದಾದ್ರೂ ಮುದುಕೀನ ತಂದು ಈ ಬಾಗಿಲಲ್ಲಿ ಕೂರಿಸು,” ಎಂದ ಸಾಹೇಬ. “ತಲೆ ಬಾಚಿಸ್ಬೇಡ.”

ಗಾರೆಯಾಕೆ ಮಸಿ ಬಳಿದಳು. ಮಾರನೆ ದಿನ ಅತ್ತೆಯನ್ನು ಕರೆತಂದಳು, ತಲೆ ಬಾಚಿಸಿಯೇ. ಸಾಹೇಬ ಪೆನ್ನಿನ ತುದಿಯಿಂದ ಮುದುಕಿಯ ಕೂದಲು ಕೆದರಿದ. ಕೈ ತಾಗಿಸಲಿಲ್ಲ.

“ಇವನ ಹೆಣ ಎತ್ತ! ಕಟ್ಕೊಂಡ ಗಂಡಾನೂ ನನ್ನ ಜುಟ್ಟಿಗೆ ಕೈ ಹಾಕಿರ್ಲಿಲ್ಲ ಕಣೇ.”

“ಸುಮ್ನಿರು ಅತ್ತೆ.”

ಇಸ್ತ್ರಿ ಬಟ್ಟೆಯ ಮಕ್ಕಳು ಹಗ್ಗದಾಚೆ ಸಾಲಾಗಿ ನಿಂತರು. “ಮುಟ್ಟಬೇಡಿ, ಮುಟ್ಟಬೇಡಿ” ಎಂದು ಟೀಚರಮ್ಮ ಕೂಗುತ್ತಲೇ ಇದ್ದಳು. ಗುಡಿಸಲನ್ನೋ ಮುದುಕಿಯನ್ನೋ, ಅವಳೇ ಬಲ್ಲಳು.

ಒಬ್ಬ ಹುಡುಗಿ ಕೇಳಿದಳು: “ಇವರೆಲ್ಲ ಈಗ ಎಲ್ಲಿರ್ತಾರೆ ಸಾರ್?”

ಸಾಹೇಬ ಬೆಣ್ಣೆಯಾದ. “ಒಳ್ಳೊಳ್ಳೆ ಮನೆಗಳಲ್ಲಿ ಪುಟ್ಟಿ. ನಾವೇ ಕಟ್ಟಿಸಿಕೊಟ್ವಿ.”

ಮೂಲೆಯಲ್ಲಿ ಬಾಂಡ್ಲಿ ತೊಳೆಯುತ್ತಿದ್ದ ಗಾರೆಯಾಕೆ ಕೈ ಒರೆಸಿಕೊಂಡು ಎದ್ದಳು. ಹಗ್ಗ ದಾಟಿ ಬಂದಳು.

“ಸಾಹೇಬ್ರು ನಿಜ ಹೇಳ್ತಿದಾರೆ ಕಣಮ್ಮಾ. ಇದೇ ಆ ಮನೆ. ಏಳತ್ತೆ, ಒಳಗೆ ನಡಿ.”

ಇಬ್ಬರೂ ಒಳಹೊಕ್ಕರು. ಬಾಗಿಲು ಮುಚ್ಚಿತು. ಎಲ್ಲ ಅಸಲಿಯೇ ಇರಲೆಂದು ಸಾಹೇಬನೇ ಹಟ ಹಿಡಿದು ಹಾಕಿಸಿದ್ದ ಕಬ್ಬಿಣದ ಚಿಲಕ ಒಳಗಿನಿಂದ ಬಿತ್ತು.

“ಏಯ್! ಬಾರೇ ಹೊರಗೆ! ಪೊಲೀಸ್ ಕರೀತೀನಿ, ಮುಂಡೆ!”

“ಕರಿ. ಚಪ್ಪಲಿ ಹೊರಗೆ ಬಿಟ್ಟು ಬರೋಕೆ ಹೇಳು.”

ಸಾಹೇಬ ಗುದ್ದಿದ. ಒದ್ದ. ಟೀಚರಮ್ಮ ಎಳೆದರೂ ಮಕ್ಕಳು ಕದಲಲಿಲ್ಲ. ಸಾಹೇಬ ಬಹಳ ಹೊತ್ತು ಕೂಗಾಡಿದ. ಆಮೇಲೆ ಬಾಗಿಲ ಸಂದಿಯಲ್ಲಿ ಗಾರೆಯಾಕೆಯ ಪಿಸುದನಿ ಕೇಳಿತು:

“ಮೆತ್ತಗೆ ಬೊಗಳೋ, ಬೋಳಿಮಗನೆ. ಅತ್ತೆಗೆ ಈಗಷ್ಟೇ ನಿದ್ದೆ ಹತ್ತಿದೆ.”