ಮಾಯಮ್ಮನ ತೋಳಿನ ಬಿಲ್ಲೆ

ಕ್ಯಾತನಹಳ್ಳಿಯ ಮಾಯಮ್ಮನ ಕಾಲಿಗೆ ಕಬ್ಬಿನ ಕೂಳೆ ಚುಚ್ಚಿತ್ತು. ಶುಗರ್ ಇದ್ದವರಿಗೆ ಕಾಲಿನ ಗಾಯ ಎಷ್ಟೋ ಸಲ ನೋವೇ ಕೊಡುವುದಿಲ್ಲ. ಅವಳು ಅರಿಸಿನ ಮೆತ್ತಿಕೊಂಡು ಹಾಲು ಕರೆಯಲು ಹೋದಳು. ಗಾಯ ಕಪ್ಪಾಯಿತು, ಜ್ವರ ಬಂತು, ನಂಜು ರಕ್ತಕ್ಕೇರಿತು. ಗಂಡ ಸಿದ್ದರಾಜು ಆಸ್ಪತ್ರೆಗೆ ತಂದಾಗ ನೇರವಾಗಿ ಐಸಿಯುಗೆ ಸೇರಿಸಿಕೊಂಡರು.

ಮಧ್ಯಾಹ್ನ ನೋಡಲು ಬಿಟ್ಟರು. ಸಿದ್ದರಾಜು ತನ್ನ ಅಕ್ಕ ಮೂಗಮ್ಮನ ಜೊತೆ ಒಳಗೆ ಬಂದ. ಮಾಯಮ್ಮ ಇವರನ್ನು ನೋಡಲೇ ಇಲ್ಲ. ಅವಳ ಕಣ್ಣು ಮಂಚದ ಕಾಲದೆಸೆಯಲ್ಲಿ, ಯಾರೂ ಇಲ್ಲದ ಕಡೆ ನೆಟ್ಟಿತ್ತು.

"ಅತ್ತೆ ನಿಂತವ್ರೆ. ಕೂರಕ್ಕೆ ಏನಾರ ಕೊಡಿ," ಎಂದಳು.

ಅತ್ತೆ ಅಣ್ಣಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮೂಗಮ್ಮ ತಮ್ಮನ ಕೈ ಬಿಗಿಯಾಗಿ ಹಿಡಿದಳು.

"ಗಾಳಿ ಕಣ್ಲಾ ಸಿದ್ದ. ಅವ್ವ ಕರ್ಕೊಂಡೋಗಕ್ಕೆ ಬಂದವ್ಳೆ. ತೋಳಿಗೆ ಅದೇನ್ಲಾ ಬಿಲ್ಲೆ ಅಂಟ್ಸವ್ರೆ? ಅದ್ನ ಆಕಿದ್ಮೇಲೇ ಇಂಗಾಗಿರೋದು. ಕಿತ್ತಾಕು."

ಸಿದ್ದರಾಜುವಿನ ಬೆರಳು ಬಿಲ್ಲೆಯ ಅಂಚಿಗೆ ಹೋಯಿತು.

"ಮುಟ್ಬೇಡಿ ಅಣ್ಣ!" ನರ್ಸ್ ಕೀರ್ತನ ಓಡಿ ಬಂದಳು. ಅವಳು ಕಿರಂಗೂರಿನ ಹುಡುಗಿ. "ಅದು ಶುಗರ್ ಕಾಯೋ ಸೆನ್ಸಾರು. ಅದ್ರಡೀಲಿ ಕೂದ್ಲಂಗೆ ಸಣ್ಣ ಎಳೆ ಐತೆ. ಶುಗರ್ ಏರ್ತಾ ಐತೋ ಇಳೀತಾ ಐತೋ, ಬುಡ್ದಂಗೆ ಈ ಪರದೇಲಿ ತೋರುಸ್ತದೆ."

"ಬೆರಳಿಗೆ ಚುಚ್ಚಿ ನೋಡ್ತೀರಲ್ಲ, ಸಾಲ್ದಾ?" ಎಂದಳು ಮೂಗಮ್ಮ.

"ಅದೂ ನೋಡ್ತೀವಿ ಅಮ್ಮ. ಆದ್ರೆ ಒಂದ್ಸಲ ಚುಚ್ಚಿ ಇನ್ನೊಂದ್ಸಲ ಚುಚ್ಚೋದ್ರೊಳಗೆ ಏನಾಯ್ತದೆ ಅಂತ ಗೊತ್ತಾಗಬೇಕಲ್ಲ? ನಂಜಿಗೆ ಶುಗರ್ ಏರ್ತದೆ. ಇನ್ಸುಲಿನ್ ಕೊಟ್ರೆ ಒಂದೊಂದ್ಸಲ ತೀರಾ ಕೆಳಕ್ಕೆ ಬೀಳ್ತದೆ. ಎಚ್ಚರ ಇರೋರಾದ್ರೆ ಕೈ ನಡುಗ್ತದೆ, ಹೊಟ್ಟೆ ಹಸೀತದೆ ಅಂತಾರೆ. ಇವ್ರು ಎಂಗೆ ಹೇಳ್ತಾರೆ?"

"ಮತ್ತೆ ಸತ್ತೋರ ಜೊತೆ ಮಾತಾಡ್ತಾವ್ಳಲ್ಲ?"

"ಜ್ವರ ಜಾಸ್ತಿ ಆದ್ರೂ ಅಂಗಾಯ್ತದೆ. ಈಗ ಶುಗರ್ ಸರಿಯಾಗೇ ಐತೆ," ಎಂದು ಕೀರ್ತನ ಪಕ್ಕದ ರೋಗಿಯ ಕಡೆ ಹೋದಳು.

ಸ್ವಲ್ಪ ಹೊತ್ತಿಗೆ ಮಾಯಮ್ಮನ ಮಾತು ನಿಂತಿತು. ಯಾರಿಗೋ ಜಾಗ ಬಿಡುವಂತೆ ಮಂಚದ ಅಂಚಿಗೆ ಸರಿದು ಕಣ್ಣು ಮುಚ್ಚಿದಳು. ತುಟಿಯಲ್ಲಿ ಸಣ್ಣ ನಗು.

"ನಿದ್ದೆ ಬಂತು. ಅವ್ವ ಒಂಟೋದ್ಲು," ಎಂದು ಮೂಗಮ್ಮ ಪಿಸುಗುಟ್ಟಿದಳು.

ಆಗಲೇ ಯಂತ್ರ ಕೂಗಿಕೊಂಡಿತು.

"ಅದ್ರ ಬಾಯಿ ಮುಚ್ಚಮ್ಮಿ, ಎದ್ಬುಡ್ತಾಳೆ!" ಎಂದು ಮೂಗಮ್ಮ ಓಡಿ ಬಂದ ಕೀರ್ತನಳಿಗೆ ಹೇಳಿದಳು.

ಪರದೆಯಲ್ಲಿ ಶುಗರ್ ಎತ್ತ ಹೋಗುತ್ತಿದೆ ಎಂದು ತೋರಿಸುವ ಬಾಣ ನೆಟ್ಟಗೆ ಕೆಳಗೆ ತಿರುಗಿತ್ತು. ಸಿದ್ದರಾಜು ಹೆಂಡತಿಯ ಕೈ ಹಿಡಿದ. ಬೆವರಿನಲ್ಲಿ ತೊಯ್ದ ಆ ಕೈ ಹೆಣದ ಕೈಯಂತೆ ತಣ್ಣಗಿತ್ತು. "ಮಾಯಿ!" ಎಂದ. ರೆಪ್ಪೆ ಅಲುಗಲಿಲ್ಲ. ಆ ನಗು ಮಾತ್ರ ಹಾಗೇ ಇತ್ತು.

"ಇದು ನಿದ್ದೆ ಅಲ್ಲ ಅಣ್ಣ." ಕೀರ್ತನ ತೊಟ್ಟು ರಕ್ತ ತೆಗೆದು ನೋಡಿದಳು. ಶುಗರ್ ಬಿದ್ದಿರುವುದು ಖಾತ್ರಿಯಾಯಿತು. ಡಾಕ್ಟರು ಓಡಿ ಬಂದು ಇನ್ಸುಲಿನ್ ನಿಲ್ಲಿಸಿ, ನರಕ್ಕೆ ಗ್ಲೂಕೋಸ್ ಕೊಡಿಸಿದರು.

ಮಾಯಮ್ಮ ನಿಧಾನವಾಗಿ ಕಣ್ಣು ಬಿಟ್ಟಳು. ಗಂಡನನ್ನು ಗುರುತು ಹಿಡಿದಳು. "ಹಸೂಗೆ ಹುಲ್ಲು ಹಾಕಿದ್ರಾ?" ಎಂದಳು. ಸಿದ್ದರಾಜು ಗೋಡೆ ಕಡೆ ತಿರುಗಿ ಅತ್ತ.

ಕೀರ್ತನ ಅವರನ್ನು ಬಾಗಿಲವರೆಗೆ ಬಿಡಲು ಬಂದಳು. ಅಲ್ಲಿ ಮೂಗಮ್ಮ ನಿಂತುಬಿಟ್ಟಳು.

"ನಮ್ಮವ್ವನೂ ಇಂಗೇ ನಗ್ತಾ ಮಲಗಿದ್ಲು ಕಣಮ್ಮಿ. ಅವ್ಳಿಗೂ ಶುಗರ್ ಇತ್ತು. ಮೈಯೆಲ್ಲ ಬೆವರಿತ್ತು. ಪುಣ್ಯವಂತೆ, ಸುಖವಾಗಿ ಓಯ್ತಾವ್ಳೆ ಅಂತ ಸುತ್ತ ಕೂತ್ಕಂಡು ನೋಡುದ್ವಿ. ಅದೂ ಇದೇನಾ?"

"ಗೊತ್ತಿಲ್ಲ ಅಮ್ಮ. ಅವತ್ತು ಯಾರೂ ಶುಗರ್ ನೋಡ್ಲಿಲ್ವಲ್ಲ."

ಮಾರನೆಯ ದಿನದಿಂದ ಮೂಗಮ್ಮ ಬಂದವಳೇ ಮೊದಲು ಪರದೆಯ ಬಾಣ ಎತ್ತ ತಿರುಗಿದೆ ಎಂದು ಕೇಳುತ್ತಿದ್ದಳು. ಕಾಲಿನ ಗಾಯ ಮಾಗಿ ಮಾಯಮ್ಮ ಮನೆಗೆ ಬಂದಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮವರು ಐಸಿಯುನಲ್ಲಿದ್ದರೆ ಅವರಿಗೆ ಶುಗರ್ ಇದೆಯೇ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಶುಗರ್ ಹೇಗೆ ನೋಡಿಕೊಳ್ಳುತ್ತಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಈ ಸೆನ್ಸಾರು ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ. ಅಂಥಲ್ಲಿ ರಕ್ತವನ್ನೇ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಸೆನ್ಸಾರು ಹಾಕಿದ್ದರೆ ಕೀಳಬೇಡಿ. ಯಂತ್ರ ಕೂಗಿದರೆ ನರ್ಸನ್ನು ಕರೆಯಿರಿ. ಮನೆಯಲ್ಲಿ ಶುಗರ್ ಇದ್ದವರು ಬೆವರಿ ಎಚ್ಚರ ತಪ್ಪಿದರೆ, ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಮುಖದ ನಗು ನೋಡಿ ಸುಖನಿದ್ದೆ ಎಂದು ಸುಮ್ಮನೆ ಕೂರಬೇಡಿ.